ಕ್ಲೋದ್ ಬೆಬೆಯಾರ್ ಮತ್ತು ಆಕ್ಸಾ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮೆಯ ಇತಿಹಾಸದ ಮಾತು ಬಂದಾಗಲೆಲ್ಲ ಈ ಫ್ರೆಂಚ್ ಮನುಷ್ಯನ ಹೆಸರು ಬರುತ್ತದೆ. ಹೆಸರಿನ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾದವು ಆಮೇಲೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪರಿಚಯ

ಯಾರ್ರೀ ಈ ಬೆಬೆಯಾರ್? ನಾನು ಹೆಸರೇ ಕೇಳಿಲ್ಲ.

ಆಕ್ಸಾ ಎಂಬ ವಿಮಾ ಕಂಪನಿಯ ಗುರುತನ್ನಾದರೂ ನೋಡಿರುತ್ತೀರಿ. ನೀಲಿ ಚೌಕ, ಬಿಳಿ ಅಕ್ಷರ, ಒಂದು ಕೆಂಪು ಓರೆಗೆರೆ. ಆ ಕಂಪನಿಯನ್ನು ಕಟ್ಟಿದವರು ಕ್ಲೋದ್ ಬೆಬೆಯಾರ್. 1975ರಲ್ಲಿ ಫ್ರಾನ್ಸಿನ ನಾರ್ಮಂಡಿಯ ಒಂದು ಪ್ರಾಂತೀಯ ವಿಮಾ ಸಂಸ್ಥೆಯ ಚುಕ್ಕಾಣಿ ಅವರ ಕೈಗೆ ಬಂತು. 2000ದಲ್ಲಿ ಅವರು ಕುರ್ಚಿ ಬಿಡುವಾಗ ಅದು ಪ್ರಪಂಚದ ಅತಿ ದೊಡ್ಡ ವಿಮಾ ಗುಂಪುಗಳಲ್ಲಿ ಒಂದಾಗಿತ್ತು. ನಡುವಿನ 25 ವರ್ಷಗಳಲ್ಲಿ ಅವರು ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಬೇರೆ ವಿಮಾ ಕಂಪನಿಗಳನ್ನು ಕೊಂಡರು.

ವಿಮಾ ಕಂಪನಿ ನಡೆಸೋದ್ರಲ್ಲಿ ಅಂಥ ವಿಶೇಷ ಏನಿದೆ? ಪ್ರೀಮಿಯಂ ತಗೊಳ್ಳೋದು, ಕ್ಲೇಮ್ ಕೊಡೋದು, ಅಷ್ಟೇ ಅಲ್ವಾ?

ಅಷ್ಟೇ. ಆದರೆ ಎರಡರ ನಡುವೆ ಕಾಲದ ಅಂತರ ಇದೆ. ಬೇರೆ ವ್ಯಾಪಾರದಲ್ಲಿ ಮೊದಲು ಖರ್ಚು ಮಾಡುತ್ತೀರಿ, ಆಮೇಲೆ ಹಣ ಬರುತ್ತದೆ. ವಿಮೆಯಲ್ಲಿ ಇದು ತಿರುಗುಮುರುಗು. ಹಣ ಮೊದಲು ಬರುತ್ತದೆ, ಖರ್ಚು ಎಷ್ಟು ಅಂತ ಗೊತ್ತಾಗುವುದು ವರ್ಷಗಳ ನಂತರ. ಜೀವ ವಿಮೆಯಲ್ಲಂತೂ ಇಪ್ಪತ್ತು ಮೂವತ್ತು ವರ್ಷ. ಅಲ್ಲಿಯವರೆಗೆ ಆ ಹಣ ಕಂಪನಿಯ ಬಳಿ ಇರುತ್ತದೆ. ಷೇರು, ಸಾಲಪತ್ರ, ಕಟ್ಟಡಗಳಲ್ಲಿ ಕೂತಿರುತ್ತದೆ.

ಹಾಗಾಗಿ ದೊಡ್ಡ ವಿಮಾ ಕಂಪನಿಯ ಮುಖ್ಯಸ್ಥ ಎಂದರೆ ಒಂದು ದೊಡ್ಡ ಖಜಾನೆಯ ಮುಖ್ಯಸ್ಥನೂ ಹೌದು. ಅವನು ಯಾವ ಕಂಪನಿಯ ಷೇರು ಇಟ್ಟುಕೊಳ್ಳುತ್ತಾನೆ, ಯಾರ ಪರ ಮತ ಹಾಕುತ್ತಾನೆ ಎನ್ನುವುದು ದೇಶದ ವ್ಯಾಪಾರ ಲೋಕಕ್ಕೇ ಮುಖ್ಯವಾಗುತ್ತದೆ. ಬೆಬೆಯಾರ್ ಅವರ ವೃತ್ತಿ ಜೀವನ ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ಮ್ಯೂಚುವಲ್ ಕಂಪನಿ ಅಂತೀರಲ್ಲ, ಮ್ಯೂಚುವಲ್ ಫಂಡ್ ಥರಾನಾ?

ಅಲ್ಲ. ನಮ್ಮೂರಿನ ಹಾಲಿನ ಸೊಸೈಟಿ ನೆನಪಿಸಿಕೊಳ್ಳಿ. ಹಾಲು ಹಾಕುವವರೇ ಅದರ ಸದಸ್ಯರು, ಹೊರಗಿನ ಮಾಲೀಕ ಅಂತ ಯಾರೂ ಇಲ್ಲ. ಮ್ಯೂಚುವಲ್ ವಿಮಾ ಸಂಸ್ಥೆಯೂ ಹಾಗೆ. ಪಾಲಿಸಿದಾರರೇ ಸದಸ್ಯರು. ಷೇರುದಾರರು ಇಲ್ಲ, ಮಾರಾಟಕ್ಕೆ ಷೇರೂ ಇಲ್ಲ.

ಬೆಬೆಯಾರ್ ಸೇರಿದ ಸಂಸ್ಥೆಯ ಮೂಲ 1817ರದ್ದು. ರೂಆನ್ ಪಟ್ಟಣದ ಸುತ್ತಲಿನ ಆಸ್ತಿವಂತರು ಬೆಂಕಿ ಅನಾಹುತಕ್ಕೆ ಪರಸ್ಪರ ಆಸರೆಯಾಗಿ ಕಟ್ಟಿಕೊಂಡದ್ದು. ಇದರಿಂದ ಎರಡು ಪರಿಣಾಮ. ಷೇರೇ ಇಲ್ಲದ ಸಂಸ್ಥೆಯನ್ನು ಯಾರೂ ಪೇಟೆಯಲ್ಲಿ ಕೊಂಡು ಕಬಳಿಸಲು ಆಗುವುದಿಲ್ಲ. ಹಾಗೆಯೇ, ಷೇರು ಮಾರಿ ಬಂಡವಾಳ ತರಲೂ ಆಗುವುದಿಲ್ಲ. ಮೊದಲನೆಯದನ್ನು ಬೆಬೆಯಾರ್ ಕೋಟೆಯಾಗಿ ಉಳಿಸಿಕೊಂಡರು. ಎರಡನೆಯದನ್ನು ದಾಟಲು ದಾರಿ ಹುಡುಕಿದರು. ಅವರ ಇಡೀ ಆಟ ಇದರ ಮೇಲೆಯೇ ನಿಂತಿದೆ ಎಂದು ನನ್ನ ಅಭಿಪ್ರಾಯ. ಪಾಲಿಸಿ ಮಾರುವುದರಲ್ಲಿ ಅವರಷ್ಟೇ ಜಾಣರು ಬೇರೆಯವರೂ ಇದ್ದರು. ಕಂಪನಿಯ ಮಾಲೀಕ ಯಾರು ಎಂಬ ಪ್ರಶ್ನೆಯನ್ನು ಅಷ್ಟು ಚೆನ್ನಾಗಿ ಓದಿದವರು ಕಡಿಮೆ.

ಆಕ್ಸಾ ಅನ್ನೋದರ ಪೂರ್ತಿ ರೂಪ ಏನು?

ಪೂರ್ತಿ ರೂಪ ಇಲ್ಲ. 1985ರ ಹೊತ್ತಿಗೆ ಗುಂಪಿನಲ್ಲಿ ಹಳೆಯ ಹೆಸರುಗಳು ಜಾಸ್ತಿಯಾಗಿದ್ದವು. ಚಿಕ್ಕದಾಗಿ, ಯಾವ ದೇಶದವರೂ ಸುಲಭವಾಗಿ ಹೇಳುವಂತೆ ಒಂದು ಹೆಸರು ಬೇಕಿತ್ತು, ಇಟ್ಟರು.

## ಏರಿದ ದಾರಿ

ಅವರ ಮನೆತನದ್ದೇ ಕಂಪನಿಯಾ? ಅಪ್ಪ ಶ್ರೀಮಂತರಾ?

ಅಪ್ಪ ಅಮ್ಮ ಶಾಲಾ ಮೇಷ್ಟರು. ಬೆಬೆಯಾರ್ ಹುಟ್ಟಿದ್ದು 1935ರ ಜುಲೈ 29ರಂದು, ನೈರುತ್ಯ ಫ್ರಾನ್ಸಿನ ದೋರ್ದೋನ್ ಜಿಲ್ಲೆಯ ಇಸ್ಸಾಕ್ ಎಂಬ ಹಳ್ಳಿಯಲ್ಲಿ. ಪೆರಿಗೋ ಪಟ್ಟಣದಲ್ಲಿ ಓದಿದರು, ಆಮೇಲೆ ಪ್ಯಾರಿಸ್. 1955ರಲ್ಲಿ ಎಕೋಲ್ ಪಾಲಿಟೆಕ್ನಿಕ್‌ಗೆ ಸೀಟು ಸಿಕ್ಕಿತು.

ವಿಮೆಗೆ ಬಂದದ್ದು ಒಬ್ಬ ಸಹಪಾಠಿಯ ಮೂಲಕ. ಆ ಗೆಳೆಯನ ತಂದೆ ಆಂದ್ರೆ ಸಾಯು ದಿಝಾರ್ನ್ ರೂಆನ್‌ನ ಆನ್ಸಿಯೆನ್ ಮ್ಯುಚುಯೆಲ್ ಸಂಸ್ಥೆಯ ಮುಖ್ಯಸ್ಥರು. ಅವರೇ ಕರೆದು ಕೆಲಸ ಕೊಟ್ಟರು. ಅದು 1958. ಜಾತಕ ಕೂಡಿಬಂದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಅದೇ ಕಾಲೇಜಿನಿಂದ ಬಂದ ಜಾಣ ಹುಡುಗರು ಯಾರೂ ಆಗ ಪ್ರಾಂತೀಯ ವಿಮಾ ಕಚೇರಿಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅದೇ ಅವರಿಗೆ ಅನುಕೂಲವಾಯಿತು.

ಪಾಲಿಟೆಕ್ನಿಕ್ ಅಂದ್ರೆ ನಮ್ಮ ಡಿಪ್ಲೊಮಾ ಪಾಲಿಟೆಕ್ನಿಕ್ಕಾ?

ಹೆಸರು ಒಂದೇ, ಉಳಿದದ್ದೆಲ್ಲ ಬೇರೆ. ಎಕೋಲ್ ಪಾಲಿಟೆಕ್ನಿಕ್ 1794ರಲ್ಲಿ, ಕ್ರಾಂತಿಯ ಕಾಲದಲ್ಲಿ ಶುರುವಾದದ್ದು. ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತದೆ. ವಿದ್ಯಾರ್ಥಿಗಳಿಗೆ ಸಮವಸ್ತ್ರ ಇದೆ. ಗಣಿತದಲ್ಲಿ ದೇಶದ ಅತಿ ಚುರುಕು ಹುಡುಗರನ್ನು ಪರೀಕ್ಷೆಯಿಂದ ಸೋಸಿ ತೆಗೆಯುತ್ತಾರೆ.

ಫ್ರಾನ್ಸಿನಲ್ಲಿ ದೊಡ್ಡ ಕಂಪನಿಯ ಮುಖ್ಯಸ್ಥರಾಗುವ ರೂಢಿಯ ದಾರಿ ಹೀಗಿತ್ತು: ಇಂಥ ಕಾಲೇಜಿನಲ್ಲಿ ಓದು, ಸರ್ಕಾರದ ಹಣಕಾಸು ಇಲಾಖೆಯಲ್ಲೋ ಎಂಜಿನಿಯರಿಂಗ್ ಇಲಾಖೆಯಲ್ಲೋ ಹತ್ತು ವರ್ಷ ಇರು, ಮಂತ್ರಿಯ ಕಚೇರಿಯಲ್ಲಿ ಓಡಾಡು, ಆಮೇಲೆ ಸೀದಾ ಕಂಪನಿಯ ತುದಿಗೆ ಇಳಿ. ಬೆಬೆಯಾರ್ ಮಧ್ಯದ ಮೆಟ್ಟಿಲುಗಳನ್ನು ಬಿಟ್ಟರು. ಒಂದು ದಿನವೂ ಸರ್ಕಾರಿ ಹುದ್ದೆಯಲ್ಲಿ ಇರಲಿಲ್ಲ. ಅವರ ಉತ್ತರಾಧಿಕಾರಿ ಆಂರಿ ದ ಕಾಸ್ತ್ರಿ ಮಾತ್ರ ರೂಢಿಯ ದಾರಿಯವರೇ. ಖಜಾನೆ ಇಲಾಖೆ ಬಿಟ್ಟು 1989ರಲ್ಲಿ ಆಕ್ಸಾ ಸೇರಿದರು.

ಸೇರಿದ ಮೇಲೆ ನೇರವಾಗಿ ಮೇಲಿನ ಕುರ್ಚಿಯಾ?

ಹದಿನೇಳು ವರ್ಷ ಹಿಡಿಯಿತು. ಮೊದಲು ಒಂದೊಂದೇ ವಿಭಾಗದಲ್ಲಿ ಕೆಲಸ ಕಲಿತರು. ಜೊತೆಗೆ ಆಕ್ಚುಯರಿ ಪದವಿ ಮಾಡಿಕೊಂಡರು. ಆಕ್ಚುಯರಿ ಅಂದರೆ ಸಾವು, ಅಪಘಾತ, ಬೆಂಕಿ ಇವುಗಳ ಸಾಧ್ಯತೆಯನ್ನು ಲೆಕ್ಕ ಹಾಕಿ ಪ್ರೀಮಿಯಂ ಎಷ್ಟಿರಬೇಕು, ಮುಂದಿನ ಕ್ಲೇಮಿಗೆ ಎಷ್ಟು ತೆಗೆದಿಡಬೇಕು ಎಂದು ಹೇಳುವವರು. 1964ರಿಂದ ಎರಡು ವರ್ಷ ಕೆನಡಾದಲ್ಲಿ ಜೀವ ವಿಮೆ ವ್ಯವಹಾರ ಕಟ್ಟಲು ಕಳಿಸಿದರು. ಉತ್ತರ ಅಮೆರಿಕದ ಕಂಪನಿಗಳು ಹೇಗೆ ಯೋಚಿಸುತ್ತವೆ ಎಂದು ಕಂಡದ್ದು ಅಲ್ಲೇ.

ಬಾಗಿಲು ತೆರೆದದ್ದು ಒಂದು ಮುಷ್ಕರ. ಸಾಯು ದಿಝಾರ್ನ್ ತೀರಿಕೊಂಡ ಮೇಲೆ ಬಂದ ನಾಯಕತ್ವಕ್ಕೆ 1974ರಲ್ಲಿ ರೂಆನ್ ಪಕ್ಕದ ಬೆಲ್‌ಬೆಫ್ ಕಚೇರಿಯಲ್ಲಿ ನೌಕರರ ದೊಡ್ಡ ಹೋರಾಟ ಎದುರಾಯಿತು. ದೀರ್ಘವಾದ, ಕಹಿಯಾದ ಮುಷ್ಕರ ಅದು. ಬೆಬೆಯಾರ್ ಮುಷ್ಕರಕ್ಕೆ ಬಗ್ಗಬಾರದು ಎಂದು ಗಟ್ಟಿಯಾಗಿ ನಿಂತ ಬಣದವರು. ಗಲಾಟೆ ಮುಗಿದಾಗ ಹಳೆಯ ಮುಖ್ಯಸ್ಥರು ಹೋದರು, 1975ರಲ್ಲಿ ಇವರು ಬಂದರು. ಆಗ ವಯಸ್ಸು ನಲವತ್ತರ ಹೊಸ್ತಿಲು. ಕಾರ್ಮಿಕ ಸಂಘಟನೆಗಳ ಕಡೆಯಿಂದ ನೋಡಿದರೆ ಇದು ಅಷ್ಟು ಸಂಭ್ರಮದ ಕಥೆಯಲ್ಲ. ಅವರ ಸಾಧನೆಯ ಪಟ್ಟಿ ಓದುವವರು ಈ ಪುಟವನ್ನು ಬೇಗ ತಿರುಗಿಸಿಬಿಡುತ್ತಾರೆ.

## ಖರೀದಿಗಳು

ಸಣ್ಣ ಕಂಪನಿ ದೊಡ್ಡದನ್ನು ನುಂಗೋದು ಹೇಗೆ ಸಾಧ್ಯ? ದುಡ್ಡೆಲ್ಲಿಂದ ಬಂತು?

1982ರ ದ್ರುವೋ ಗುಂಪಿನ ಖರೀದಿ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ದ್ರುವೋ ಇವರ ಸಂಸ್ಥೆಗಿಂತ ದೊಡ್ಡದು. ಮೊದಲು ಕಾಲ ನೋಡಿ. 1981ರಲ್ಲಿ ಸಮಾಜವಾದಿ ಮಿತ್ತೆರಾನ್ ಫ್ರಾನ್ಸಿನ ಅಧ್ಯಕ್ಷರಾದರು. ಬ್ಯಾಂಕುಗಳು, ದೊಡ್ಡ ಕೈಗಾರಿಕೆಗಳು ಸರ್ಕಾರದ ಕೈಗೆ ಹೋದವು. ದೊಡ್ಡ ವಿಮಾ ಕಂಪನಿಗಳಂತೂ 1946ರಿಂದಲೇ ಸರ್ಕಾರದ್ದು. ಖಾಸಗಿ ಬಂಡವಾಳಗಾರರು ಹೆದರಿ ಕೂತಿದ್ದರು. ಎಲ್ಲರೂ ಕೈ ಕಟ್ಟಿ ಕೂತಾಗ ಕೊಳ್ಳಲು ಹೊರಟವರು ಬೆಬೆಯಾರ್.

ಇನ್ನು ದುಡ್ಡು. ಒಂದು ಕಂಪನಿಯನ್ನು ಆಳಲು ಅದರ ನೂರಕ್ಕೆ ನೂರು ಷೇರು ಬೇಕಿಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಮೇಲೆ ಮ್ಯೂಚುವಲ್. ಅದರ ಕೆಳಗೆ ಒಂದು ಹೋಲ್ಡಿಂಗ್ ಕಂಪನಿ (ಬೇರೆ ಕಂಪನಿಗಳ ಷೇರು ಇಟ್ಟುಕೊಳ್ಳುವುದೇ ಇದರ ಕೆಲಸ), ಅದರಲ್ಲಿ ಶೇ. 51 ತನ್ನದು, ಉಳಿದದ್ದು ಬೇರೆಯವರದ್ದು. ಆ ಹೋಲ್ಡಿಂಗ್ ಇನ್ನೊಂದು ಕಂಪನಿಯಲ್ಲಿ ಶೇ. 51 ಇಟ್ಟುಕೊಂಡರೆ ಮೇಲಿನವರ ನಿಜವಾದ ಹಣ ಶೇ. 26 ಮಾತ್ರ. ಮೂರನೇ ಮೆಟ್ಟಿಲಿಗೆ ಇಳಿದರೆ ಶೇ. 13. ಹುಕುಂ ಮಾತ್ರ ಪೂರ್ತಿ ಮೇಲಿನವರದ್ದೇ. ಆಕ್ಸಾದಲ್ಲಿ ಫಿನಾಕ್ಸಾ ಎಂಬ ಹೋಲ್ಡಿಂಗ್ ಹೀಗೆ ಮ್ಯೂಚುವಲ್‌ಗೂ ಪೇಟೆಯ ಕಂಪನಿಗೂ ನಡುವೆ ನಿಂತಿತ್ತು.

ಕೆಳಗಿನ ಕಂಪನಿಗಳಿಗೆ ಷೇರುಪೇಟೆಯ ಹಣ, ಮೇಲೆ ಯಾರೂ ಮುಟ್ಟಲಾಗದ ಮ್ಯೂಚುವಲ್. ಬೆಬೆಯಾರ್ ಬೇರೆಯವರ ಮನೆ ಬಾಗಿಲು ತಟ್ಟಬಹುದಿತ್ತು, ಇವರ ಬಾಗಿಲು ತಟ್ಟಲು ಬೇರೆಯವರಿಗೆ ಬಾಗಿಲೇ ಇರಲಿಲ್ಲ.

ಮಿದಿ ಕಂಪನಿ ಕಥೆ ಏನು? ನೆರವಿಗೆ ಕರೆದವರನ್ನೇ ಓಡಿಸಿದರಂತೆ?

ಕಂಪನಿ ದ್ಯು ಮಿದಿ ಹಳೆಯ ರೈಲ್ವೆ ಕಂಪನಿಯಾಗಿ ಶುರುವಾಗಿ ವಿಮೆಗೆ ಬಂದದ್ದು. ಅದರ ಮುಖ್ಯಸ್ಥ ಬೆರ್ನಾರ್ ಪಾಜೆಝಿ. 1988ರಲ್ಲಿ ಇಟಲಿಯ ವಿಮಾ ಕಂಪನಿ ಜೆನೆರಾಲಿ ಅದರ ಷೇರುಗಳನ್ನು ಕೂಡಿಹಾಕತೊಡಗಿತು. ಪಾಜೆಝಿ ರಕ್ಷಣೆಗೆ ಬೆಬೆಯಾರ್ ಜೊತೆ ಸೇರಿದರು. ಎರಡೂ ಕಂಪನಿಗಳ ವ್ಯವಹಾರ ಒಂದಾಯಿತು. ಕೆಲವೇ ತಿಂಗಳಲ್ಲಿ ಜೋಡಿ ಮುರಿಯಿತು. ಪಾಜೆಝಿ ಈಗ ಹಳೆಯ ಶತ್ರು ಜೆನೆರಾಲಿಯ ಕಡೆ ವಾಲಿ ಬೆಬೆಯಾರ್‌ರನ್ನು ಹೊರಗೆ ಹಾಕಲು ನೋಡಿದರು. ಷೇರುದಾರರ ಮತಗಳನ್ನು ಎಣಿಸಿದಾಗ ಬೆಬೆಯಾರ್ ಕೈ ಮೇಲಾಯಿತು. 1989ರ ಆರಂಭದಲ್ಲಿ ಪಾಜೆಝಿ ರಾಜೀನಾಮೆ ಕೊಟ್ಟರು.

ಇದರಲ್ಲಿ ಮೋಸ ಇತ್ತಾ ಅಂತ ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪಾಜೆಝಿಗೆ ಪೇಟೆಯಲ್ಲಿ ಚದುರಿದ ಷೇರುದಾರರು ಮಾತ್ರ ಇದ್ದರು. ಬೆಬೆಯಾರ್ ಬೆನ್ನಿಗೆ ಮ್ಯೂಚುವಲ್ ಇತ್ತು. ಕೂತು ಲೆಕ್ಕ ಹಾಕಿದ್ದರೆ ಮೊದಲ ದಿನವೇ ಫಲಿತಾಂಶ ಗೊತ್ತಾಗುತ್ತಿತ್ತು.

ಸೋತದ್ದೇ ಇಲ್ವಾ?

ಇದೆ. 1989ರಲ್ಲಿ ಉದ್ಯಮಿ ಜೇಮ್ಸ್ ಗೋಲ್ಡ್‌ಸ್ಮಿತ್ ಮತ್ತು ಜೊತೆಗಾರರು ಬ್ರಿಟನ್ನಿನ ತಂಬಾಕು ದೈತ್ಯ ಬಿಎಟಿಯನ್ನು ಕೊಳ್ಳಲು ಹೊರಟರು. ಬಿಎಟಿ ಕೈಯಲ್ಲಿ ಅಮೆರಿಕದ ಫಾರ್ಮರ್ಸ್ ಎಂಬ ವಿಮಾ ಕಂಪನಿ ಇತ್ತು. ಖರೀದಿ ಆದರೆ ಫಾರ್ಮರ್ಸ್ ಅನ್ನು ಆಕ್ಸಾಗೆ ಮಾರುವ ಒಪ್ಪಂದವಾಯಿತು. ಆದರೆ ಅಮೆರಿಕದಲ್ಲಿ ವಿಮೆಗೆ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ನಿಯಂತ್ರಕರು. ಮುಖ್ಯವಾದ ಕ್ಯಾಲಿಫೋರ್ನಿಯಾ ಒಪ್ಪಲಿಲ್ಲ. 1990ರಲ್ಲಿ ಇಡೀ ಯೋಜನೆ ಬಿತ್ತು.

ವಿಮೆಯ ಹೊರಗೆ ಇನ್ನೊಂದು. 2008ರ ಒಲಿಂಪಿಕ್ಸ್ ಪ್ಯಾರಿಸ್‌ಗೆ ತರುವ ಸಮಿತಿಯ ಅಧ್ಯಕ್ಷರು ಇವರೇ. 2001ರ ಜುಲೈಯಲ್ಲಿ ಮಾಸ್ಕೋದಲ್ಲಿ ನಡೆದ ಮತದಾನದಲ್ಲಿ ಬೀಜಿಂಗ್ ಗೆದ್ದಿತು.

ಅಮೆರಿಕದ ಎಕ್ವಿಟೆಬಲ್ ಖರೀದಿಯನ್ನು ಎಲ್ಲರೂ ಯಾಕೆ ಅಷ್ಟು ಹೊಗಳುತ್ತಾರೆ?

ಯಾಕೆಂದರೆ ಬೆಬೆಯಾರ್ ಅವರ ಲೆಕ್ಕಾಚಾರ ಅದರಲ್ಲಿ ಪೂರ್ತಿ ಕಾಣುತ್ತದೆ. ಎಕ್ವಿಟೆಬಲ್ 1859ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಜೀವ ವಿಮಾ ಸಂಸ್ಥೆ. 1980ರ ದಶಕದಲ್ಲಿ ಗ್ರಾಹಕರಿಗೆ ಹೆಚ್ಚಿನ ಬಡ್ಡಿಯ ಖಾತರಿ ಕೊಟ್ಟು ಹಣ ಸೇರಿಸಿತ್ತು. ಆ ಹಣವನ್ನು ವಾಣಿಜ್ಯ ಕಟ್ಟಡಗಳಲ್ಲಿ, ಅಪಾಯದ ಸಾಲಪತ್ರಗಳಲ್ಲಿ ಹಾಕಿತ್ತು. ಬೆಲೆ ಬಿತ್ತು, ಖಾತರಿ ಮಾತ್ರ ಉಳಿಯಿತು. ಬಂಡವಾಳ ತುರ್ತಾಗಿ ಬೇಕು. ಆದರೆ ಅದೂ ಮ್ಯೂಚುವಲ್, ಮಾರಲು ಷೇರಿಲ್ಲ.

ರೋಗ ಏನೆಂದು ಬೆಬೆಯಾರ್‌ಗೆ ಹೇಳಿಕೊಡಬೇಕಿರಲಿಲ್ಲ. ಅವರೇ ಮ್ಯೂಚುವಲ್ ಮನೆಯವರು. 1991ರ ಜುಲೈಯಲ್ಲಿ ಆಕ್ಸಾ 100 ಕೋಟಿ ಡಾಲರ್ ಹಾಕಲು ಒಪ್ಪಿತು. ಮೊದಲಿಗೆ ಅದು ಸಾಲಪತ್ರದ ರೂಪದಲ್ಲಿ. ಮುಂದೆ ಎಕ್ವಿಟೆಬಲ್ ಮ್ಯೂಚುವಲ್ ರೂಪ ಬಿಟ್ಟು ಷೇರು ಕಂಪನಿಯಾದಾಗ ಆ ಸಾಲಪತ್ರ ಷೇರಾಗುವುದು ಎಂಬ ಮಾತು. 1992ರಲ್ಲಿ ಹಾಗೆಯೇ ಆಯಿತು. ಆಕ್ಸಾ ಕೈಗೆ ಶೇ. 49 ಬಂತು. ಕೋಟೆಯೊಳಗಿನ ಜನರೇ ಬಾಗಿಲು ತೆರೆಯಬೇಕಾಗಿ ಬಂದ ಕ್ಷಣಕ್ಕೆ ಸರಿಯಾಗಿ ಇವರು ಹೊರಗೆ ನಿಂತಿದ್ದರು.

ಜೊತೆಗೆ ಬಂದದ್ದೇನು ಗೊತ್ತಾ? ಅಲಯನ್ಸ್ ಕ್ಯಾಪಿಟಲ್ ಎಂಬ ಹೂಡಿಕೆ ನಿರ್ವಹಣಾ ಕಂಪನಿ, ಡಿಎಲ್‌ಜೆ ಎಂಬ ವಾಲ್ ಸ್ಟ್ರೀಟ್ ಬ್ಯಾಂಕು. ಎರಡರಲ್ಲೂ ಎಕ್ವಿಟೆಬಲ್‌ಗೆ ದೊಡ್ಡ ಪಾಲು ಇತ್ತು. 2000ದಲ್ಲಿ ಕ್ರೆಡಿಟ್ ಸ್ವೀಸ್ ಡಿಎಲ್‌ಜೆಯನ್ನು ಸಾವಿರ ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡಿತು. ಇದರ ಬಹುಪಾಲು ಆಕ್ಸಾ ಬಳಗಕ್ಕೇ ಸೇರಿತು. ಅಷ್ಟು ಲಾಭ ಬರುತ್ತದೆ ಎಂದು 1991ರಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಅದೃಷ್ಟದ ಪಾಲೂ ಇದೆ, ಬಿಡಿ.

ಯುಎಪಿ ಸರ್ಕಾರದ್ದಲ್ವಾ? ಅದು ಹೇಗೆ ಆಕ್ಸಾ ಪಾಲಾಯಿತು?

ಯುಎಪಿ ಆಗ ಫ್ರಾನ್ಸಿನ ಅತಿ ದೊಡ್ಡ ವಿಮಾ ಕಂಪನಿಯಾಗಿತ್ತು. ಸರ್ಕಾರ ಅದನ್ನು 1994ರಲ್ಲಿ ಖಾಸಗಿಗೆ ಬಿಟ್ಟಿತು. ಆದರೆ ಅದರ ಬೆನ್ನ ಮೇಲೆ ಕಟ್ಟಡಗಳಲ್ಲಿ ಕೈ ಸುಟ್ಟುಕೊಂಡ ನಷ್ಟ ಇತ್ತು, ಬಾಂಕ್ ವರ್ಮ್ಸ್ ಎಂಬ ಸೊರಗಿದ ಬ್ಯಾಂಕ್ ಇತ್ತು. ಷೇರು ಬೆಲೆ ಏಳಲಿಲ್ಲ. ಖಾಸಗಿಯಾದ ಮೇಲೆ ಸರ್ಕಾರದ ರಕ್ಷಣೆ ಹೋಗಿತ್ತು, ಬೇರೆ ಗಟ್ಟಿ ಮಾಲೀಕರು ಬಂದಿರಲಿಲ್ಲ. 1996ರ ನವೆಂಬರಿನಲ್ಲಿ ಎರಡೂ ಒಂದಾಗುವ ಸುದ್ದಿ ಹೊರಬಿತ್ತು. ಯುಎಪಿ ಅಧ್ಯಕ್ಷ ಜಾಕ್ ಫ್ರೀಡ್‌ಮನ್ ಒಪ್ಪಿದ್ದರು. ಹಣ ಕೊಟ್ಟು ಕೊಳ್ಳಲಿಲ್ಲ, ಷೇರಿಗೆ ಷೇರು ಬದಲಾಯಿಸಿಕೊಂಡರು. ಹೆಸರಿಗೆ ವಿಲೀನ, ಚುಕ್ಕಾಣಿ ಬೆಬೆಯಾರ್ ಕೈಯಲ್ಲಿ. ಯುಎಪಿ ಜೊತೆ ಜರ್ಮನಿಯ ಕೊಲೋನಿಯಾ, ಬೆಲ್ಜಿಯಮ್ಮಿನ ರೊಯಾಲ್ ಬೆಲ್ಜ್, ಬ್ರಿಟನ್ನಿನ ಸನ್ ಲೈಫ್ ಕೂಡ ಬಂದವು.

ಇದಕ್ಕೂ ಮೊದಲು, 1995ರಲ್ಲಿ, ಆಸ್ಟ್ರೇಲಿಯಾದ ನ್ಯಾಷನಲ್ ಮ್ಯೂಚುವಲ್‌ನಲ್ಲಿ ಶೇ. 51 ಪಾಲು ಸಿಕ್ಕಿತ್ತು. ಎಕ್ವಿಟೆಬಲ್‌ನಲ್ಲಿ ಕಲಿತ ಪಾಠವನ್ನೇ ಅಲ್ಲಿ ಮತ್ತೆ ಒಪ್ಪಿಸಿದರು.

ಕೊಂಡ ಮೇಲೆ ಅಷ್ಟು ಕಂಪನಿಗಳನ್ನು ಒಟ್ಟಿಗೆ ನಡೆಸಿದ್ದು ಹೇಗೆ?

ಫ್ರಾನ್ಸಿನಲ್ಲಿ ಅವರು ಹಿಡಿದ ಸೂತ್ರ ಸರಳ. ಯಾವ ಹಳೆಯ ಕಂಪನಿಯಿಂದ ಬಂದವರು ಅಂತ ನೋಡದೆ, ಪಾಲಿಸಿ ಯಾರ ಮೂಲಕ ಮಾರಾಟವಾಗುತ್ತದೆ ಅಂತ ನೋಡಿ ವಿಂಗಡಿಸಿದರು. ಏಜೆಂಟರ ಜಾಲ ಒಂದು ಕಡೆ, ಬ್ರೋಕರುಗಳು ಇನ್ನೊಂದು ಕಡೆ, ನೇರ ಮಾರಾಟ ಮತ್ತೊಂದು ಕಡೆ. ಹೀಗೆ ಕಲಸಿದಾಗ ಹಳೆಯ ಮನೆತನದ ಗುಂಪುಗಾರಿಕೆ ಉಳಿಯುವುದಿಲ್ಲ. ಹಿರಿಯ ಅಧಿಕಾರಿಗಳನ್ನು ಸಹಾರಾದ ತೆನೆರೆ ಮರುಭೂಮಿಗೆ ಕರೆದೊಯ್ದು ಡೇರೆಗಳಲ್ಲಿ ಸಭೆ ನಡೆಸಿದ್ದೂ ಉಂಟು. ಸುಮ್ನೆ ಷೋಕಿ ಅಂತ ಕೆಲವರು ನಕ್ಕರು. ನನಗೂ ಅರ್ಧ ಹಾಗೇ ಅನ್ನಿಸುತ್ತದೆ.

## ಆಳಕ್ಕೆ ಇಳಿಯುವವರಿಗೆ

ಇಷ್ಟೆಲ್ಲ ಕಟ್ಟಿದವರು 65ಕ್ಕೇ ಬಿಟ್ಟು ಹೋದರಾ?

ಹೌದು, 2000ದ ಮೇ ತಿಂಗಳಲ್ಲಿ. 65 ತುಂಬಲು ಇನ್ನೂ ಎರಡು ತಿಂಗಳಿತ್ತು. 45 ವರ್ಷದ ಕಾಸ್ತ್ರಿಗೆ ಜಾಗ ಬಿಟ್ಟರು. ಆದರೆ ಪೂರ್ತಿ ಹೋಗಲಿಲ್ಲ. ಆಕ್ಸಾದಲ್ಲಿ ಆಗ ಎರಡು ಮಂಡಳಿ ಪದ್ಧತಿ ಇತ್ತು. ದಿನದ ಆಡಳಿತ ಒಂದರದ್ದು, ಮೇಲ್ವಿಚಾರಣೆ ಇನ್ನೊಂದರದ್ದು. ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರಾಗಿ 2008ರವರೆಗೆ ಇದ್ದರು. ಕಾಸ್ತ್ರಿ 2016ರವರೆಗೆ ನಡೆಸಿದರು, ಆಮೇಲೆ ಜರ್ಮನಿಯ ಥಾಮಸ್ ಬುಬರ್ಲ್ ಬಂದರು. ಅಂದರೆ 1975ರಿಂದ ಇಲ್ಲಿಯವರೆಗೆ ಮೂರೇ ಹೆಸರು.

ವಿವೆಂಡಿಯ ಮೆಸ್ಸಿಯೆ ಅವರನ್ನು ಇಳಿಸಿದ್ದು ಇವರೇ ಅಂತಾರಲ್ಲ, ಇವರಿಗೇನು ಸಂಬಂಧ?

ಕಾಗದದ ಮೇಲೆ ಏನೂ ಇಲ್ಲ. ವಿವೆಂಡಿಯ ನಿರ್ದೇಶಕ ಮಂಡಳಿಯಲ್ಲಿ ಅವರು ಇರಲೇ ಇಲ್ಲ. ವಿವೆಂಡಿಯ ಮುಖ್ಯಸ್ಥ ಝಾನ್-ಮಾರಿ ಮೆಸ್ಸಿಯೆ, ನೀರು ಸರಬರಾಜು ಕಂಪನಿಯಾಗಿದ್ದ ಅದನ್ನು ಹಾಲಿವುಡ್‌ವರೆಗೆ ಬೆಳೆಸಿದ್ದರು. ಸಾಲವೂ ಅದರ ಜೊತೆಗೇ ಬೆಳೆಯಿತು. 2001ರ ಲೆಕ್ಕದಲ್ಲಿ 1,300 ಕೋಟಿ ಯೂರೋಗೂ ಹೆಚ್ಚು ನಷ್ಟ ತೋರಿಸಿತು. ಕಂಪನಿ ಮುಳುಗಿದರೆ ಇಡೀ ಪ್ಯಾರಿಸ್ ಪೇಟೆಯ ಮಾನ ಹೋಗುತ್ತದೆ ಎಂದು ಬೆಬೆಯಾರ್ ನಿರ್ದೇಶಕರ ಮನವೊಲಿಸತೊಡಗಿದರು. 2002ರ ಜುಲೈ ಆರಂಭದಲ್ಲಿ ಮೆಸ್ಸಿಯೆ ಹೋದರು. ಬಂದವರು ಝಾನ್-ರೆನೆ ಫೂರ್ತು. ಅವರೂ ನೈರುತ್ಯದವರು, ಅವರೂ ಪಾಲಿಟೆಕ್ನಿಕ್‌ನವರು. ಬೆಬೆಯಾರ್ ಕೂಡ ಮಂಡಳಿಗೆ ಬಂದರು. ಫ್ರೆಂಚ್ ಪತ್ರಿಕೆಗಳು ಅವರನ್ನು ಬಂಡವಾಳಶಾಹಿಯ 'ಗಾಡ್‌ಫಾದರ್' ಎಂದು ಕರೆದದ್ದು ಇಂಥವಕ್ಕೇ.

1999ರಲ್ಲಿ ಬಿಎನ್‌ಪಿ ಬ್ಯಾಂಕು ಪಾರಿಬಾ ಎಂಬ ಇನ್ನೊಂದು ಬ್ಯಾಂಕನ್ನು ಕೊಳ್ಳಲು ಹೋರಾಡಿದಾಗಲೂ ಬೆಬೆಯಾರ್ ಬಿಎನ್‌ಪಿ ಪರ ನಿಂತಿದ್ದರು. ಅಲ್ಲಿ ಆಕ್ಸಾ ಕೈಯಲ್ಲಿ ಷೇರುಗಳಿದ್ದವು. ಮೊದಲೇ ಹೇಳಿದ ಖಜಾನೆಯ ಬಲ ಅದು.

ವ್ಯಾಪಾರ ಬಿಟ್ಟು ಬೇರೇನೂ ಮಾಡಲಿಲ್ವಾ?

2000ದಲ್ಲಿ ಇನ್‌ಸ್ಟಿಟ್ಯೂಟ್ ಮೊಂತೇನ್ ಎಂಬ ಚಿಂತನಾ ಸಂಸ್ಥೆ ಶುರು ಮಾಡಿದರು. ಆ ಹೆಸರಿನ ಹಳೆಯ ಕಾಲದ ಫ್ರೆಂಚ್ ಲೇಖಕ ಮೊಂತೇನ್ ಬೆಬೆಯಾರ್ ಅವರ ದೋರ್ದೋನ್ ಜಿಲ್ಲೆಯವನೇ. 2004ರಲ್ಲಿ ಪ್ರಧಾನಿಗೆ ಕೊಟ್ಟ ವರದಿಯಲ್ಲಿ, ಕೆಲಸಕ್ಕೆ ಅರ್ಜಿ ಹಾಕುವವರ ಹೆಸರು, ವಿಳಾಸ ತೆಗೆದ ಅನಾಮಿಕ ಸಿವಿ ಇರಲಿ ಎಂದು ಸಲಹೆ ಕೊಟ್ಟರು. ವಲಸಿಗರ ಮಕ್ಕಳಿಗೆ ಹೆಸರು ನೋಡಿಯೇ ಬಾಗಿಲು ಮುಚ್ಚುತ್ತಿದ್ದ ಕಾಲ. 2006ರಲ್ಲಿ ಕಾನೂನಿಗೆ ಸೇರಿತು, ಜಾರಿಗೆ ಬರಲಿಲ್ಲ.

ನಮ್ಮ ಬೆಂಗಳೂರಿಗೂ ಆಕ್ಸಾಗೂ ಸಂಬಂಧ ಇತ್ತಲ್ವಾ?

ಇತ್ತು. ಭಾರತಿ ಗುಂಪಿನ ಜೊತೆ ಸೇರಿ 2006ರಲ್ಲಿ ಜೀವ ವಿಮೆ, 2008ರಲ್ಲಿ ಸಾಮಾನ್ಯ ವಿಮೆ ಕಂಪನಿ ಶುರುವಾದವು. ಸಾಮಾನ್ಯ ವಿಮೆಯ ಕಂಪನಿ ಬೆಂಗಳೂರಿನಿಂದಲೇ ನಡೆಯುತ್ತಿತ್ತು. 2021ರಲ್ಲಿ ಅದು ಐಸಿಐಸಿಐ ಲೊಂಬಾರ್ಡ್ ಜೊತೆ ಸೇರಿತು. ಗುಂಪಿನ ಬೇರೆ ದೇಶಗಳ ಕಚೇರಿ ಕೆಲಸ ಮಾಡುವ ಘಟಕವೂ ಬೆಂಗಳೂರಿನಲ್ಲಿ ಇತ್ತು. ಆದರೆ ಭಾರತಿ ಜೊತೆಗಿನ ಕಂಪನಿಗಳನ್ನು ಬೆಬೆಯಾರ್ ಖಾತೆಗೆ ಬರೆಯಬೇಡಿ. ಅವು ಕಾಸ್ತ್ರಿ ಕಾಲದವು. ವಿದೇಶಿ ಪಾಲು ಶೇ. 26 ಮೀರಬಾರದು ಎಂಬ ಅಂದಿನ ನಮ್ಮ ನಿಯಮದಲ್ಲಿ ಬೆಬೆಯಾರ್ ಶೈಲಿಯ ಹಿಡಿತಕ್ಕೆ ಜಾಗವೂ ಇರಲಿಲ್ಲ.

ಬೇರೆ ಕಂಪನಿಗಳ ಮುಖ್ಯಸ್ಥರಿಗೆ ಬುದ್ಧಿ ಹೇಳಿದವರು. ಅವರನ್ನು ಯಾರಾದರೂ ಇಳಿಸಬಹುದಿತ್ತಾ?

ತುಂಬಾ ಕಷ್ಟವಿತ್ತು. ಮ್ಯೂಚುವಲ್‌ನಲ್ಲಿ ಲಕ್ಷಾಂತರ ಪಾಲಿಸಿದಾರರು ಸದಸ್ಯರು ಎನ್ನುವುದು ನಿಜ. ಆದರೆ ಕಾರು ವಿಮೆ ಮಾಡಿಸಿದವನು ಸದಸ್ಯರ ಸಭೆಗೆ ಹೋಗಿ ಅಧ್ಯಕ್ಷರನ್ನು ಪ್ರಶ್ನಿಸುವುದನ್ನು ಎಲ್ಲಿ ನೋಡಿದ್ದೀರಿ? ತಾನು ಸದಸ್ಯ ಎಂಬುದೇ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಮಾಲೀಕರು ಇಷ್ಟು ಮಂದಿ ಇದ್ದಾಗ ಮಾಲೀಕ ಯಾರೂ ಅಲ್ಲ. ಆ ಖಾಲಿ ಜಾಗದಲ್ಲಿ ಆಡಳಿತಗಾರ ಕೂರುತ್ತಾನೆ. ಮೆಸ್ಸಿಯೆಗೆ ಆ ಆಸರೆ ಇರಲಿಲ್ಲ, ಪಾಜೆಝಿಗೂ ಇರಲಿಲ್ಲ.

ಬೆಬೆಯಾರ್ ಇದನ್ನು ದುರುಪಯೋಗ ಮಾಡಿಕೊಂಡರು ಎಂದು ನಾನು ಹೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಎದ್ದು ಹೋದರು, ಅದು ಅವರ ಹಿರಿಮೆ. ಏರ್ಪಾಡು ಮಾತ್ರ ಅವರ ನಂತರವೂ ಉಳಿಯಿತು. ಫಿನಾಕ್ಸಾ 2005ರಲ್ಲಿ ಆಕ್ಸಾದಲ್ಲೇ ಕರಗಿ ಮೆಟ್ಟಿಲು ಒಂದು ಕಡಿಮೆಯಾಯಿತು. ಆದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹೆಸರಿನಲ್ಲಿಟ್ಟುಕೊಂಡ ಷೇರಿಗೆ ಅಲ್ಲಿ ಎರಡು ಮತ. ಹಾಗಾಗಿ ಆಕ್ಸಾದ ಮ್ಯೂಚುವಲ್‌ಗಳ ಕೈಯಲ್ಲಿ ಶೇ. 15ರ ಆಸುಪಾಸು ಷೇರಿದ್ದರೂ ಮತದ ಬಲ ಕಾಲು ಭಾಗದ ಹತ್ತಿರ ಇದೆ.